ಐಸ್ ಹಾಕದ ಗ್ಲಾಸು

11-9-98, ಶುಕ್ರವಾರ

ಮಂಡಿನೋವು ಹಾಗೇ ಇದೆ. ಮಾತ್ರೆ ದಂಡ. ಪಿತೃಪಕ್ಷದ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ. ಎಡೆಗೆ ಕೋಳಿ ಹೇಳಬೇಕು. ತೀರಿಹೋದ ತಮ್ಮ ನಂಜುಂಡನಿಗೆ ಒಂದು ಬಿಯರ್... ಐಸ್ ಹಾಕಿ. ಬಾರಿನಲ್ಲಿ ದುಡಿದವನಿಗೆ ಬೆಚ್ಚಗಿನದು ಇಟ್ಟರೆ ಮರ್ಯಾದೆಯಲ್ಲ.

ಪ್ಲಾಂಟರ್ಸ್ ಕ್ಲಬ್ಬಿನ ಸೆಕ್ರೆಟರಿ ಸಂಜಯ್ ಬಂದಿದ್ದ. ನಾನು ಮೂವತ್ತೊಂದು ವರ್ಷ ನಿಂತ ಬಾರಿಗೆ ‘ಪಬ್’ ಎಂದು ಬೋರ್ಡ್ ಹಾಕಿಸಿದ್ದಾನೆ. ಆಗಿನ ಮೆಂಬರ್ ಮಿಲ್ನರ್ ದೊರೆಯ ಮಗಳು ಇಂಗ್ಲೆಂಡಿನಿಂದ ಬರುತ್ತಾಳಂತೆ. ಹಳಬ ನಾನೊಬ್ಬನೇ ಉಳಿದಿರುವುದಂತೆ, ಬರಲೇಬೇಕಂತೆ. ಬರಲ್ಲ ಎಂದೆ. ಹೋಗುತ್ತೇನೆ, ಗೊತ್ತು.

13-9-98, ಭಾನುವಾರ

ಹೋದೆ. ತಲೆ ಪೂರ್ತಿ ನೆರೆತ ಮೇಮ್. ನಾಲ್ಕು ಬಾಟಲಿ ತಂದಿದ್ದಳು. ‘ಬಿಟರ್’ ಅಂತೆ, ಅವರ ಕಡೆಯ ಕಹಿ ಬಿಯರ್, ಅವರಪ್ಪ ಕುಡಿಯುತ್ತಿದ್ದದ್ದು. ಹಳೇ ಅಭ್ಯಾಸ, ಫ್ರಿಜ್ ಬಾಗಿಲು ತೆಗೆದೆ. ಮೇಮ್ ಕೈ ಅಡ್ಡ ಮಾಡಿ ಇಂಗ್ಲಿಷಿನಲ್ಲಿ ಏನೋ ಅಂದಳು. ಸಂಜಯ್ ಕನ್ನಡದಲ್ಲಿ ಹೇಳಿದ:

“ಅದ್ರೊಳಕ್ಕೆ ಇಡ್ಬೇಡಿ ಕರಿಯಪ್ಪಣ್ಣ. ತಣ್ಣಗಾದ್ರೆ ರುಚಿ ಸತ್ತೋಗುತ್ತಂತೆ.”

“ಬೆಚ್ಚಗಿರೋ ಬಿಯರ್ ಯಾವನು ಕುಡೀತಾನಯ್ಯ?”

“ನೀವೇ ಕುಡೀರಿ ಈಗ.”

ಕುಡಿದೆ. ತೆಳ್ಳಗಿನ ಡಿಕಾಕ್ಷನ್ ಬಣ್ಣ. ಗ್ಯಾಸ್ ಕಮ್ಮಿ. ಮೊದಲು ಸೀದ ಬ್ರೆಡ್ಡಿನ ಅಂಚು. ಆಮೇಲೆ ಕಿತ್ತಳೆ ಸಿಪ್ಪೆ. ಆಮೇಲೆ ಕಹಿ... ನಾಲಿಗೆಯ ಬುಡದಲ್ಲಿ ಕೂತೇಬಿಟ್ಟಿತು.

ಮೇಮ್ ಮತ್ತೆ ಏನೋ ಹೇಳಿದಳು. ಸಂಜಯ್ ತಿಳಿಸಿದ: “ಇದನ್ನ ಸರಿಯಾಗಿ ಕೊಡೋನು ಇಲ್ಲಿ ಒಬ್ನೇ ಇದ್ದ ಅಂತ ಅವ್ರಪ್ಪ ಸಾಯೋವರ್ಗೂ ಹೇಳ್ತಿದ್ರಂತೆ. ನಂಜುಂಡ ಅಂತ. ಯಾರಣ್ಣ ಅದು?”

“ಗೊತ್ತಿಲ್ಲ” ಎಂದುಬಿಟ್ಟೆ.

ಬರುವಾಗ ಮೇಮ್ ಒಂದು ಬಾಟಲಿ ಕೈಗಿಟ್ಟಳು.

14-9-98

ಬೆಲ್ಲ ತಿಂದೆ. ಕಹಿ ಹೋಗಲಿಲ್ಲ.

ಅರವತ್ತಾರನೇ ಇಸವಿ. ದೊರೆಗೆ ಹಡಗಿನಲ್ಲಿ ಬಂದ ಬಾಟಲಿ. ಬಾರಿನಲ್ಲಿ ನನ್ನ ಕೈಕೆಳಗಿದ್ದ ನಂಜುಂಡ ಐಸ್ ಹಾಕದೆ ಸುರಿದ. ಗ್ಲಾಸ್ ಇಟ್ಟು ಉಗುರಿನಿಂದ ಎರಡು ಸಲ ತಟ್ಟಿದ. ಅದು ಅವನ ಚಾಳಿ. “ದೊರೆನೇ ಹಿಂಗ್ ಕೊಡು ಅಂದವ್ರೆ ಕಣಣ್ಣ” ಎಂದ. ಸೋಮಾರಿಯ ಸುಳ್ಳು ಎಂದುಕೊಂಡೆ. ಮೆಂಬರುಗಳ ಮುಂದೆಯೇ ಕೆನ್ನೆಗೆ ಬಾರಿಸಿದೆ. ಬಿಳಿ ಕೋಟು ಬಿಚ್ಚಿಸಿ ಕೆಲಸದಿಂದ ಕಳಿಸಿದೆ. ಘಾಟಿಯಲ್ಲಿ ಸುರಂಗ ಕೊರೆಯುವ ಕೆಲಸಕ್ಕೆ ಸೇರಿದ. ನಲವತ್ತು ದಿನ. ಬಂಡೆ ಬಿತ್ತು.

ಅವನ ಹೆಂಡತಿ ಮಾದೇವಮ್ಮ ಆಮೇಲೆ ನನ್ನ ಹೊಸ್ತಿಲು ತುಳಿದಿಲ್ಲ.

ಮೂವತ್ತೆರಡು ವರ್ಷ ಐಸ್ ಹಾಕಿ ಎಡೆ ಇಟ್ಟೆ. ವರ್ಷ ವರ್ಷ ಅವನಿಗೆ ಅದೇ ಏಟು.

18-9-98

ಬಸ್ಸಿನಲ್ಲಿ ಹಾನುಬಾಳಿಗೆ ಹೋದೆ. ಮಾದೇವಮ್ಮ ರಾಗಿ ಕೇರುತ್ತಿದ್ದಳು. ಎದ್ದೇಳಲಿಲ್ಲ. ಎಲ್ಲಾ ಹೇಳಿದೆ. ಮೊರ ನಿಲ್ಲಿಸಿದಳು.

“ಅವ್ರು ಸುಳ್ಳೇಳೋರಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು ಭಾವ. ನಿಮ್ಗೆ ಬಿಳೀ ಹೆಂಗ್ಸು ಬಂದು ಹೇಳ್ಬೇಕಾಯ್ತಾ?”

ಬೇರೆ ಯಾರಾದರೂ ಅಂದಿದ್ದರೆ ಬೈದು ಎದ್ದುಬರುತ್ತಿದ್ದೆ.

“ಎಡೆಗೆ ಬಾರವ್ವ.”

“ಬತ್ತೀನಿ. ಅಂಗಳದ ತಂಕ. ಅವ್ರು ಒಳಕ್ಕೆ ಬಂದ್ರೆ ನಾನೂ ಒಳಕ್ಕೆ ಬತ್ತೀನಿ.”

20-9-98, ಅಮಾವಾಸ್ಯೆ, ಮಧ್ಯಾಹ್ನ

ಎಡೆ ಇಟ್ಟಾಯಿತು. ಮೇಮ್ ಕೊಟ್ಟ ಬಾಟಲಿ ನಾನೇ ಸುರಿದೆ. ಐಸ್ ಇಲ್ಲ. ಸತ್ತವರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗಿದ್ದೇವೆ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಾದೇವಮ್ಮ ಬಂದಿದ್ದಾಳೆ. ಅಂಗಳದಲ್ಲೇ ನಿಂತಿದ್ದಾಳೆ.

“ಸಾಕು ಮಾವ, ಬಾಗಿಲು ತೆಗೀರಿ” ಎಂದಳು ಸೊಸೆ ಪಂಕಜಾಕ್ಷಿ. ಸುಮ್ಮನಿರು ಎಂದು ಗದರಿದೆ.

ಒಳಗೆ ಗ್ಲಾಸಿನ ಸದ್ದು. ಉಗುರು ತಾಗಿದ ಹಾಗೆ. ಎರಡು ಸಲ.

ಸೊಸೆಗೆ ಕೇಳಿಸಿಲ್ಲ. ಮಾದೇವಮ್ಮ ತಲೆ ಎತ್ತಿದಳು. ಚಪ್ಪಲಿ ಬಿಟ್ಟಳು. ನನ್ನ ಕಡೆ ನೋಡದೆ ಮೆಟ್ಟಿಲು ಹತ್ತುತ್ತಿದ್ದಾಳೆ. ಚಿಲಕಕ್ಕೆ ಕೈ—