ಬಣ್ಣ ಬಿಟ್ಟ ಹೊದಿಕೆ

ಹಠಮಾರಿ ಮಗಳಿಗೆ,

ಜಗಳವಾಡಿ ಹೋಗಿ ನೀನು ತೆರೆದ ಅಂಗಡಿಯಿಂದ ನಿನ್ನ ಅತ್ತಿಗೆ ಒಂದು ಹೊದಿಕೆ ಕೊಂಡು ತಂದಳು. ಅಂಚಿನ ತುಂಬ ನಾನು ಬರೆದ ಬಳ್ಳಿಯನ್ನೇ ಅಚ್ಚೊತ್ತಿದ್ದೀಯ, ಒಂದು ಎಲೆಯೂ ಆಚೀಚೆ ಆಗಿಲ್ಲ. ಮೈಯೆಲ್ಲ ಉರಿಯಿತು. ವಕೀಲರ ಬಳಿ ಹೋಗಿ, "ಮನೆಯ ಗುಟ್ಟು ಕದ್ದಿದ್ದಾಳೆ, ಕೇಸು ಹಾಕಿ" ಎಂದೆ.

"ಅಮ್ಮಾ, ಎರಡನ್ನೂ ಕಲಸಬೇಡಿ," ಅಂದರು. "ಬಳ್ಳಿ ಗುಟ್ಟಲ್ಲ, ನಿಮ್ಮ ಅಂಗಡಿ ಬಾಗಿಲಲ್ಲೇ ನೇತಾಡ್ತಿದೆ. ನೀವು ಬರೆದದ್ದನ್ನ ಕೇಳದೆ ನಕಲು ಮಾಡಿದ್ರೆ ಕಾಪಿರೈಟ್ ಉಲ್ಲಂಘನೆ, ದಾರಿಹೋಕ ಮಾಡಿದ್ರೂ ಅಷ್ಟೇ. ನಂಬಿ ಹೇಳಿದ್ದನ್ನ ಬಳಸಿದ್ರೆ, ಬಯಲು ಮಾಡಿದ್ರೆ, ಅದು ಗೋಪ್ಯತೆ ಉಲ್ಲಂಘನೆ. ಹಾಗೇನಾದ್ರೂ ಹೇಳಿದ್ರಾ?"

ಹೇಳಿದ್ದೆ. ಬಣ್ಣ ಬಿಡದಂತೆ ಬಟ್ಟೆಯನ್ನು ಯಾವುದರಲ್ಲಿ ನೆನೆಸಬೇಕೆಂದು ನಿನ್ನೊಬ್ಬಳಿಗೇ ಹೇಳಿಕೊಟ್ಟಿದ್ದೆ. ಹೊರಗೆ ಬಳಸುವುದಿಲ್ಲ ಎಂದು ನೀನು ಮಾತು ಕೊಟ್ಟಿದ್ದೆ.

ಮನೆಗೆ ಬಂದು ಹೊದಿಕೆಯನ್ನು ಬಕೆಟ್ಟಿನಲ್ಲಿ ಅದ್ದಿದೆ. ನೀರೆಲ್ಲ ಕೆಂಪಾಯಿತು. ಗಿರಾಕಿಗಳಿಂದ ಬೈಸಿಕೊಂಡಿರಬೇಕು, ಆದರೂ ನೀನು ಮಾತು ಮೀರಿಲ್ಲ.

ಗೋಪ್ಯತೆಯ ದೂರು ಬರೆಯಬೇಡಿ ಎಂದು ವಕೀಲರಿಗೆ ಹೇಳಿದ್ದೇನೆ. ನಕಲಿನ ದೂರು ಹಾಗೇ ಇದೆ. ಬಳ್ಳಿ ನನ್ನದು, ಕೇಳದೆ ಇನ್ನೊಂದು ಗಜಕ್ಕೂ ಒತ್ತಕೂಡದು. ಕೇಳಿದರೆ ಇಲ್ಲ ಅನ್ನುವುದಿಲ್ಲ. ನಾನು ಹೇಳಿಕೊಟ್ಟ ಹಾಗೆ ನೆನೆಸುವ ಕೆಲಸವನ್ನೂ ಇನ್ನು ನಿನ್ನ ಅಂಗಡಿಯಲ್ಲೇ ಮಾಡಿಕೋ, ನನ್ನ ಬಳ್ಳಿ ಬಣ್ಣ ಬಿಡುವುದನ್ನು ನೋಡಲಾರೆ. ಇಲ್ಲಿ ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಲು ನಿನ್ನ ಅತ್ತಿಗೆಯ ಕೈಯಲ್ಲಿ ಬಿಗಿಯಿಲ್ಲ.

ಫೋನಿನಲ್ಲಿ ಕೇಳಬೇಡ, ಯಾರ ಕೈಲೂ ಹೇಳಿ ಕಳಿಸಬೇಡ. ಎದುರಿಗೆ ಬಂದು ಕೂತು ಕೇಳು.

ನಿನ್ನ ಅಮ್ಮ