ನಿಮ್ಮ ಹೆಸರಿನ ಬಾಟಲಿ

ಬಾನ್ ನೋನ್ ತಾನ್, ಉಬೋನ್ ಸೀಮೆ
ಫೆಬ್ರವರಿ 11, ಬೌದ್ಧ ಶಕ 2537

ಪ್ರೀತಿಯ ಬುನ್‌ಥಾಮ್,

ನಮಸ್ಕಾರ. ಅಷ್ಟು ದೂರದ ಕಡಲತೀರದ ರಯೋಂಗಿನಲ್ಲಿ ನೀವು ಕ್ಷೇಮವೆಂದು ನಂಬಿದ್ದೇನೆ. ನೀವಾಗಿ ತಿಳಿಸುವುದಿಲ್ಲವಲ್ಲ, ನಂಬುವುದೊಂದೇ ದಾರಿ. ಪತ್ರ ತಡವಾಯಿತು, ಬೇಸರಿಸಬೇಡಿ. ಬರೆಯಲು ಕೂತಾಗಲೆಲ್ಲ ಜಗಳವೇ ಬರುತ್ತಿತ್ತು, ಹರಿದು ಒಲೆಗೆ ಹಾಕುತ್ತಿದ್ದೆ. ಈ ಸಲ ಜಗಳಕ್ಕೆ ಬಿಡುವಿಲ್ಲ, ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಕಳೆದ ತಿಂಗಳು ಪಟ್ಟಣದ ಆಸ್ಪತ್ರೆಯವರು ಊರಿಗೆ ಬಂದಿದ್ದರು. ಮನೆಮನೆಯ ಗಂಡ ಹೆಂಡತಿಯಿಂದ ಒಂದು ಹಗಲು ಒಂದು ರಾತ್ರಿಯ ಮೂತ್ರ ಹಿಡಿಸಿ, ಅದರಲ್ಲಿ ಸತು ಎಷ್ಟಿದೆ ಎಂದು ನೋಡುತ್ತಾರಂತೆ. ನರ್ಸ್ ವಿಪಾ ಹೇಳಿದಳು, “ಅಕ್ಕಾ, ತಿನ್ನೋದ್ರಲ್ಲಿ ಸತು ಕಮ್ಮಿ ಇದ್ರೆ ಮೈ ಅದನ್ನ ಹೊರಗೆ ಬಿಡಲ್ಲ, ಹಿಡ್ಕೊಂಡುಬಿಡುತ್ತೆ. ಉಚ್ಚೆ ನೋಡಿದ್ರೆ ಹೊಟ್ಟೆ ಕಥೆ ಗೊತ್ತಾಗುತ್ತೆ.” ನನ್ನ ಕೈಗೆ ಎರಡು ದೊಡ್ಡ ಬಾಟಲಿ ಕೊಟ್ಟಳು. ಒಂದರ ಮೇಲೆ ಲಮ್ಯೈ, ಇನ್ನೊಂದರ ಮೇಲೆ ಬುನ್‌ಥಾಮ್.

ನೀವು ಊರಲ್ಲಿಲ್ಲ ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ನೀವು ಗದ್ದೆಯ ಗುಡಿಸಲಲ್ಲಿ ಬಾತುಕೋಳಿ ಕಾಯುತ್ತ ಮಲಗುತ್ತೀರಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ರಯೋಂಗಿಗೆ ಹೋದರು ಎಂದರೆ, ಯಾವಾಗ ಬರುತ್ತಾರೆ ಎಂದು ಕೇಳುತ್ತಾರೆ. ಹಾಗಾಗಿ ಎರಡು ಬಾಟಲಿಯನ್ನೂ ನಾನೇ ತುಂಬಿಸಿದೆ. ಮೊದಲ ದಿನ ನನ್ನದು, ಮರುದಿನ ನಿಮ್ಮದು. ನಗಬೇಡಿ. ಗಂಡಸಿನ ಬಾಟಲಿ ಅರ್ಧ ಖಾಲಿ ಇರಬಾರದೆಂದು ನೀರು ಕುಡಿದು ಕುಡಿದು ನಿಮ್ಮ ಮರ್ಯಾದೆ ಉಳಿಸಿದ್ದೇನೆ.

ಮೊನ್ನೆ ಫಲಿತಾಂಶ ಬಂತು. ವಿಹಾರದ ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು. ವಿಪಾ ನನ್ನ ಕಡೆ ತಿರುಗಿ, “ಈ ಜೋಡಿ ನೋಡಿ, ಇಬ್ಬರದೂ ಹೆಚ್ಚೂಕಮ್ಮಿ ಒಂದೇ ಸಮ. ಇಬ್ರಿಗೂ ತೀರಾ ಕಮ್ಮಿ,” ಅಂದಳು. ಪಕ್ಕದ ಮನೆಯ ಚಾನ್ ಅತ್ತೆ ಸುಮ್ಮನಿರುತ್ತಾಳೆಯೇ? “ಒಂದೇ ಬುಟ್ಟಿ ಅನ್ನ ತಿನ್ನೋರು ಕಣಮ್ಮಾ. ನನ್ನ ಗಂಡ ಮೀನೆಲ್ಲ ತಾನೇ ಮುಕ್ಕಿ ನಂಗೆ ಮುಳ್ಳು ಬಿಡ್ತಾನೆ. ಬುನ್‌ಥಾಮ್ ನೋಡು, ಹೆಂಡ್ತಿಗಿಂತ ಒಂದು ತುತ್ತು ಹೆಚ್ಚು ತಿಂದಿಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಸತು ಎಲ್ಲಿಂದ ಬರಬೇಕು ಹೇಳಿ. ಒಬ್ಬಳಿಗಾಗಿ ಅಂಟಕ್ಕಿ ಬೇಯಿಸಲು ಮನಸ್ಸೇ ಬರುವುದಿಲ್ಲ. ಒಂದು ದಿನ ಬೇಯಿಸಿದ್ದನ್ನು ಮರುದಿನವೂ ಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನುತ್ತೇನೆ. ಮೀನು ತಂದರೆ ಅರ್ಧ ಬೆಕ್ಕಿಗೇ ಹೋಗುತ್ತದೆ. ಎದುರಿಗೆ ಬುಟ್ಟಿಗೆ ಕೈಹಾಕುವವರು ಇಲ್ಲದಿದ್ದರೆ ಹಸಿವೂ ಸೋಮಾರಿಯಾಗುತ್ತದೆ.

ಈಗ ಕೆಲಸದ ಮಾತು. ಮುಂದಿನ ಸೋಮವಾರದಿಂದ ಸತುವಿನ ಮಾತ್ರೆ ಕೊಡುತ್ತಾರೆ. ವಿಪಾ ಖಡಾಖಂಡಿತವಾಗಿ ಹೇಳಿದ್ದಾಳೆ, “ಮನೆಗೇ ಬರ್ತೀನಿ, ಇಬ್ರೂ ನನ್ನ ಕಣ್ಣೆದುರೇ ನುಂಗ್ಬೇಕು. ಭಾವನ್ನ ಗುಡಿಸಲಿಂದ ಕರೆಸಿ ಅಕ್ಕಾ.” ಬಾಟಲಿಯನ್ನೇನೋ ನಿಮ್ಮ ಪರವಾಗಿ ತುಂಬಿಸಿದೆ, ಬಾಯಿ ನನಗಿರುವುದು ಒಂದೇ. ಒಂದು ದಿನದ ಮಟ್ಟಿಗೆ ಬನ್ನಿ. ಮಾತ್ರೆ ನುಂಗಿ, ಜಗಲಿಯಲ್ಲಿ ಕೂತು ನಾಲ್ಕು ಜನರಿಗೆ ಮುಖ ತೋರಿಸಿ ಹೊರಡಿ. ಕೆಲಸ ಸಿಕ್ಕಿತು, ಹೋದರು ಎಂದು ಆಮೇಲೆ ನಾನು ಹೇಳಿಕೊಳ್ಳುತ್ತೇನೆ. ಏನೂ ಕೇಳುವುದಿಲ್ಲ, ಜಗಳ ತೆಗೆಯುವುದಿಲ್ಲ. ಒಂದು ಬಾತುಕೋಳಿ ಕೊಯ್ದು ನಿಮಗೆ ಬೇಕಾದಷ್ಟು ಖಾರ ಹಾಕಿ ಮಾಡುತ್ತೇನೆ.

ಬುದ್ಧ ಭಗವಾನ್ ನಿಮ್ಮನ್ನು ತಂಪಾಗಿ ಇಟ್ಟಿರಲಿ. ಸಮುದ್ರದ ಗಾಳಿಗೆ ಎದೆಗೆ ಬಟ್ಟೆ ಇಲ್ಲದೆ ಮಲಗಬೇಡಿ.

ನಿಮ್ಮ
ಲಮ್ಯೈ

ಇನ್ನೊಂದು ಮಾತು: ಬರಲಾಗದಿದ್ದರೆ ಬಿಡಿ, ಆದರೆ ಅವರು ಇನ್ನೊಮ್ಮೆ ಮಾಡುವ ಪರೀಕ್ಷೆಗೆಂದು ಬಾಟಲಿ ತುಂಬಿಸಿ ಬಸ್ಸಿನವನ ಕೈಯಲ್ಲಿ ಮಾತ್ರ ಕಳಿಸಬೇಡಿ. ಆ ಕಡೆಯಿಂದ ಬಂದ ಲಾರಿ ಡ್ರೈವರ್ ನಿಮ್ಮನ್ನು ನೋಡಿದನಂತೆ, ಚೆನ್ನಾಗಿ ಮೈ ತುಂಬಿಕೊಂಡಿದ್ದೀರಂತೆ. ಆ ಹೆಂಗಸು ದಿನವೂ ಏಡಿ, ಮಾಂಸ ಬಡಿಸುತ್ತಾಳಂತೆ. ನಿಮ್ಮ ಬಾಟಲಿಯಲ್ಲಿ ಸತು ಹೆಚ್ಚು ಬಂದರೆ, ನೀವು ಬೇರೆ ಮನೆಯಲ್ಲಿ ಉಣ್ಣುತ್ತಿದ್ದೀರಿ ಎಂದು ವಿಪಾಗೆ ತಿಳಿದುಹೋಗುತ್ತದೆ. ನನಗೆ ತಿಳಿದಿರುವುದೇ ಸಾಕು.