ಕಲ್ಲಿಗಾಗಿ ಹಾಕಿಸಿದ ಕಂಬಿ

ಗುಂಡ್ಲುಪೇಟೆ
೧೫-೯-೨೦೨೪

ಪ್ರೀತಿಯ ಅಪ್ಪಾ,

ಸೊಂಟದ ನೋವು ಹೇಗಿದೆ? ತಂಗಿ ಅನು ಸಾರಿಗೆ ಉಪ್ಪು ಹಾಕುವುದನ್ನು ಕಲಿತಳೇ? ನಮ್ಮ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿಬಿದ್ದು ನೀವು ಚಾಮರಾಜನಗರದ ಮಗಳ ಮನೆ ಸೇರಿ ಐದು ತಿಂಗಳಾಯಿತು. "ಆ ಮೆಟ್ಲಿರೋ ಮನೆಗೆ ಇನ್ ಬರಕಿಲ್ಲ ಕಣ್ಲಾ" ಅಂದದ್ದು ಇನ್ನೂ ಕಿವಿಯಲ್ಲಿದೆ.

ಸುದ್ದಿ ಏನೆಂದರೆ, ನಿಮ್ಮ ಈರುಳ್ಳಿ ಖಾಲಿಯಾದ ನೆಲಮಾಳಿಗೆಗೆ ಪೂಲ್ ಟೇಬಲ್ ಬಂದಿದೆ. ಕೋಲಿನಿಂದ ಚೆಂಡು ತಳ್ಳಿ ಮೂಲೆಯ ತೂತಿಗೆ ಬೀಳಿಸುವ ಆಟ. ಮೈಸೂರಿನ ಹಾಸ್ಟೆಲಿನಲ್ಲಿ ಪಾಠ ಬಿಟ್ಟು ಕಲಿತದ್ದು. ಬಂಡೀಪುರ ರಸ್ತೆಯ ರೆಸಾರ್ಟೊಂದು ಮುಚ್ಚಿತು, ಹೊತ್ತುಕೊಂಡು ಹೋಗಿ ಅಂದರು. ನಿಮ್ಮ ಸೊಸೆ ಶಿವರಂಜಿನಿ ನೋಡಿ, "ಈರುಳ್ಳಿ ಆಗಿದ್ರೆ ಸಾರಿಗಾದ್ರೂ ಆಗೋದು" ಅಂದಳು. ಹಸಿರು ಬಟ್ಟೆಯ ಕೆಳಗೆ ಮೂರು ಕಲ್ಲುಚಪ್ಪಡಿ, ಒಂದೊಂದೂ ಎರಡು ಮೂಟೆಯ ಭಾರ. ಈರುಳ್ಳಿ ಮಂಡಿಯ ಹಮಾಲಿ ಮರಿಯಪ್ಪ ಮೂವರನ್ನು ಕರೆತಂದವನು ಮೆಟ್ಟಿಲು ನೋಡಿ ನಿಂತುಬಿಟ್ಟ. "ಮೂಟೆ ಬಿದ್ರೆ ಮೂಟೆ ಉರುಳ್ತದೆ ಸ್ವಾಮಿ, ಇದು ಬಿದ್ರೆ ನಾನು ಉರುಳ್ತೀನಿ. ಕೈ ಹಿಡ್ಕಳಕೆ ಏನಾರ ಆಕ್ಸಿ, ಇಲ್ದಿದ್ರೆ ನೀವೇ ಒತ್ಕಳಿ." ವೆಲ್ಡಿಂಗ್ ಅಂಗಡಿಯ ಅಜ್ಮತ್ ಉಲ್ಲಾ ಸಂಜೆಯೊಳಗೆ ಗೋಡೆಗೆ ಕಬ್ಬಿಣದ ಕಂಬಿ ಕೂರಿಸಿದರು. ಮರಿಯಪ್ಪ ಅದಕ್ಕೂ ಗೊಣಗಿದ: "ಇದ್ಯಾಕಿಷ್ಟು ತಗ್ಗಲ್ಲಿ?" ಅಂತೂ ಕಲ್ಲು ಇಳಿಯಿತು, ನನ್ನ ಹಲ್ಲು ಉಳಿಯಿತು.

ಜೋಡಿಸಿ ಮೊದಲ ಚೆಂಡಿಟ್ಟೆ. ಕೋಲು ತಾಗುವ ಮೊದಲೇ ಅದು ನಿಧಾನವಾಗಿ ಹೊರಟು ಈಶಾನ್ಯದ ತೂತಿಗೆ ಬಿತ್ತು. ಎರಡನೆಯದೂ ಹಾಗೆಯೇ. "ಸಾರ್, ನಿಮ್ ಚೆಂಡಿಗೆ ವಾಸ್ತು ಗೊತ್ತು" ಅಂದರು ಅಜ್ಮತ್ ಉಲ್ಲಾ. ಆಗ ನೆನಪಾಯಿತು: ಮನೆ ಕಟ್ಟುವಾಗ ನೀವು ಮೇಸ್ತ್ರಿ ಶಾಂತರಾಜು ಜೊತೆ ಮೂರು ದಿನ ಜಗಳವಾಡಿ, ನೆಲಮಾಳಿಗೆಯ ನೆಲವನ್ನೂ ಈಶಾನ್ಯಕ್ಕೆ ಇಳಿಜಾರು ಮಾಡಿಸಿದ್ದಿರಿ. ಮೇಜಿನ ಎರಡು ಕಾಲಿಗೆ ಮರದ ಚೂರು ಕೊಟ್ಟಿದ್ದೇವೆ. ಆದರೂ ಸೋತವರೆಲ್ಲ ನಿಮ್ಮ ಹೆಸರನ್ನೇ ಹೇಳುತ್ತಾರೆ. ಶಿವರಂಜಿನಿ ದಿನಾ ಗೆಲ್ಲುತ್ತಾಳೆ, ನನ್ನನ್ನು ನೋಡಿ ನಗುತ್ತಾಳೆ.

ಅನುವಿಗೆ ಪ್ರೀತಿ, ನಿಮಗೆ ನಮಸ್ಕಾರ. ಮಾತ್ರೆ ಮರೆಯಬೇಡಿ.

ನಿಮ್ಮ ಮಗ,
ಕುಮಾರಸ್ವಾಮಿ

ಮರೆತೆ: ಎಂಟು ವರ್ಷದಿಂದ ನೀವು "ಕೈ ಹಿಡ್ಕಳಕೆ ಒಂದು ಕಂಬಿ ಆಕ್ಸಪ್ಪ" ಅನ್ನುತ್ತಿದ್ದಿರಿ, ನಾನು ನಾಳೆ ಅನ್ನುತ್ತಿದ್ದೆ. ಕಲ್ಲಿಗಾಗಿ ಒಂದೇ ದಿನದಲ್ಲಿ ಹಾಕಿಸಿದೆ. ತಪ್ಪಾಯಿತು ಅಪ್ಪಾ. ಕಂಬಿ ತಗ್ಗಿನಲ್ಲಿರುವುದು ಅಳತೆ ತಪ್ಪಿ ಅಲ್ಲ. ಬಾಗಿಲ ಹಿಂದೆ ನೀವು ಬಿಟ್ಟುಹೋದ ಊರುಗೋಲನ್ನು ಅಜ್ಮತ್ ಉಲ್ಲಾ ಕೈಗೆ ಕೊಟ್ಟು, ಇಷ್ಟೇ ಎತ್ತರ ಇರಲಿ ಅಂದಿದ್ದೆ. ಬರುವ ಭಾನುವಾರ ಕಾರು ತರುತ್ತೇನೆ.